18ನೇ ಶತಮಾನದ ಇಂಗ್ಲಿಷ್ ಲೇಖಕಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಹೆಸರನ್ನು ಅವರ ಜೀವನಚರಿತ್ರೆಯೇ ಕೆಡಿಸಿತು ಅನ್ನುತ್ತಾರಲ್ಲ, ಏಕೆ? ಅದನ್ನು ಹೇಗೆ ಓದಬೇಕು?

ಬದುಕಿನ ವಿವರಗಳನ್ನೇ ವಿಚಾರಗಳಿಗೆ ಖಂಡನೆಯಾಗಿ ಬಳಸಿಕೊಂಡದ್ದರಿಂದ. ವೋಲ್‌ಸ್ಟನ್‌ಕ್ರಾಫ್ಟ್ 1797ರ ಸೆಪ್ಟೆಂಬರ್‌ನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪತಿ ವಿಲಿಯಂ ಗಾಡ್ವಿನ್ ಬರೆದ ಜೀವನಚರಿತ್ರೆ 1798ರ ಜನವರಿಯಲ್ಲೇ ಹೊರಬಂತು. ಮದುವೆಯಾಗದೆ 1794ರಲ್ಲಿ ಹೆತ್ತ ಮಗಳು, 1795ರ ಎರಡು ಆತ್ಮಹತ್ಯಾ ಯತ್ನಗಳು, ಯಾವುದನ್ನೂ ಗಾಡ್ವಿನ್ ಮುಚ್ಚಿಡಲಿಲ್ಲ. ಅವರ ಪಾಲಿಗೆ ಅದು ಗೌರವ. ವಿರೋಧಿಗಳಿಗೆ ಅದೇ ಅಸ್ತ್ರ: ಬರೆದವಳ ನಡತೆಯನ್ನು ಹಳಿದರೆ ಸಾಕು, 1792ರಲ್ಲಿ ಆಕೆ ಮಂಡಿಸಿದ್ದ ಸ್ತ್ರೀ ಹಕ್ಕುಗಳ ವಾದಕ್ಕೆ ಉತ್ತರಿಸುವ ಶ್ರಮವೇ ತಪ್ಪುತ್ತಿತ್ತು.

ಹಾಗಾಗಿ ಮೊದಲು 1792ರ ಆ ಕೃತಿ, ‘ಎ ವಿಂಡಿಕೇಶನ್ ಆಫ್ ದ ರೈಟ್ಸ್ ಆಫ್ ವುಮನ್’ ಅನ್ನೇ ಓದಿ. ಹೆಣ್ಣಿನ ಶಿಕ್ಷಣದ ಬಗ್ಗೆ ಅದರಲ್ಲಿರುವ ತರ್ಕ ಬರೆದವರ ಖಾಸಗಿ ಬದುಕನ್ನು ಆಧರಿಸಿ ನಿಂತಿಲ್ಲ. ಆಮೇಲೆ ಜೀವನಚರಿತ್ರೆಗೆ ಬನ್ನಿ. ಪ್ರತಿ ಘಟನೆಗೂ ಒಂದೇ ಪ್ರಶ್ನೆ: ಇದು ಗಾಡ್ವಿನ್‌ಗೆ ಗೊತ್ತಾದದ್ದು ಹೇಗೆ? 1794ರಲ್ಲಿ ಹುಟ್ಟಿದ ಮಗಳ ತಂದೆ ಇಮ್ಲೇಗೆ ಆಕೆ ಬರೆದ ಪತ್ರಗಳು ಅವರ ಕೈಯಲ್ಲಿದ್ದವು, ಆ ಭಾಗ ಗಟ್ಟಿ. ಚಿತ್ರಕಾರ ಫ್ಯೂಸ್ಲಿ ಮಾತ್ರ ತನ್ನ ಬಳಿಯಿದ್ದ ಆಕೆಯ ಪತ್ರಗಳನ್ನು ಕೊಡಲಿಲ್ಲ, ಆಕೆಯ ತಂಗಿ ಎವರಿನಾ ನೆರವಾಗಲಿಲ್ಲ. ಅಂಥ ಕಡೆ ಗಾಡ್ವಿನ್ ಊಹೆಯನ್ನೂ ನಿಶ್ಚಿತ ದನಿಯಲ್ಲೇ ಹೇಳಿರಬಹುದು, ಅಲ್ಲಿ ನಿಧಾನಿಸಿ. ಅದೇ ವರ್ಷ ಅವರು ತಿದ್ದಿದ ಎರಡನೆಯ ಆವೃತ್ತಿಯನ್ನೂ ತಂದರು. ನಿಮ್ಮ ಕೈಲಿರುವುದು ಯಾವುದೆಂದು ನೋಡಿಕೊಳ್ಳಿ.