ಪರ್ಸೆಫನಿ ಎಂದರೆ ‘ಸಾವು ತರುವವಳು’ ಎಂಬುದು ನಿಜವೇ?

ಹುಟ್ಟಲಿರುವ ಮಗಳಿಗೆ ಪರ್ಸೆಫನಿ ಎಂದು ಹೆಸರಿಡುವ ಆಸೆಯಿದೆ, ಆದರೆ ‘ಸಾವು ತರುವವಳು’ ಎಂಬ ಅರ್ಥವನ್ನು ಓದಿ ಅಳುಕುಂಟಾಗಿದೆ ಎಂದು ನೀವು ಕೇಳಿದ್ದೀರಿ. ಆ ಅರ್ಥ ಹಳೆಯದೇ ಹೌದು, ಆದರೆ ಅದು ಹೆಸರಿನ ಮೂಲವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರೀಕ್ ಪುರಾಣದಲ್ಲಿ ಪರ್ಸೆಫನಿ ಧಾನ್ಯದೇವತೆ ದಿಮೀಟರಳ ಮಗಳು. ಪಾತಾಳದ ಒಡೆಯ ಹೇಡಿಸ್ ಅಪಹರಿಸಿ ದಾಳಿಂಬೆಯ ಕಾಳು ತಿನ್ನಿಸಿದ್ದರಿಂದ ವರ್ಷದ ಮೂರನೇ ಒಂದು ಭಾಗ ಅವನ ಬಳಿಯೇ ಇರಬೇಕಾದವಳು. ಸತ್ತವರ ಲೋಕದ ರಾಣಿಯಾದ್ದರಿಂದ ಗ್ರೀಕರು ಅವಳ ಹೆಸರಿನಲ್ಲಿ ‘ಫೆರೊ’ (ತರು), ‘ಫೊನೊಸ್’ (ಕೊಲೆ) ಎಂಬ ಪದಗಳನ್ನು ಕೇಳಿಸಿಕೊಂಡರು. ಜನ ಈ ಹೆಸರಿಗೇ ಹೆದರುತ್ತಾರೆಂದು ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರೆಟಿಸ್ ಹೇಳುತ್ತಾನೆ. ‘ಕೋರೆ’, ಅಂದರೆ ಹುಡುಗಿ, ಎಂದಷ್ಟೇ ಕರೆಯುವ ರೂಢಿಯೂ ಇತ್ತು.

ನಿಜವಾದ ಸುಳಿವು ಸಿಗುವುದು ಮಣ್ಣಿನ ಪಾತ್ರೆಗಳ ಮೇಲೆ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ಚಿತ್ರಕಾರರು ಅವಳ ಚಿತ್ರದ ಪಕ್ಕದಲ್ಲಿ ‘ಪೆರ್ಸೊಫಾತ್ತ’ ಎಂದು ಬರೆದಿದ್ದಾರೆ. ಭಾಷಾವಿಜ್ಞಾನಿ ರುಡಾಲ್ಫ್ ವಾಖ್ಟರ್ ಈ ರೂಪವನ್ನೇ ಹಿಡಿದು, ಮೊದಲ ಭಾಗವನ್ನು ಸಂಸ್ಕೃತದ ‘ಪರ್ಷ’ (ತೆನೆಯ ಸಿವುಡು) ಎಂಬ ಪದದೊಂದಿಗೂ ಎರಡನೆಯದನ್ನು ‘ಹನ್’ (ಹೊಡೆ) ಧಾತುವಿನೊಂದಿಗೂ ಜೋಡಿಸಿದರು. ಹಾಗೆ ನೋಡಿದರೆ ಅವಳು ತೆನೆ ಬಡಿದು ಕಾಳು ಬೇರ್ಪಡಿಸುವ ಹೆಣ್ಣು. ನನ್ನನ್ನು ಬೆರಗುಗೊಳಿಸುವುದು ಋಗ್ವೇದದ ಹತ್ತನೆಯ ಮಂಡಲದ 48ನೆಯ ಸೂಕ್ತ: ‘ಖಲೇ ನ ಪರ್ಷಾನ್ ಪ್ರತಿ ಹನ್ಮಿ ಭೂರಿ’, ಕಣದಲ್ಲಿ ಸಿವುಡುಗಳನ್ನು ಬಡಿಯುವಂತೆ ಅನೇಕರನ್ನು ಬಡಿಯುತ್ತೇನೆ, ಎನ್ನುತ್ತಾನೆ ಇಂದ್ರ. ಅದೇ ಎರಡು ಪದಗಳು ಇಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಗ್ರೀಕಿನ ‘ಫೊನೊಸ್’ ಕೂಡ ಈ ‘ಹನ್’ ಧಾತುವಿನ ಸೋದರಪದವೇ ಆದ್ದರಿಂದ ಹಳಬರ ಕಿವಿ ಪೂರ್ತಿ ತಪ್ಪಿರಲಿಲ್ಲ. ಏಟು ಬೀಳುತ್ತಿದ್ದದ್ದು ತೆನೆಯ ಮೇಲೆ ಎಂಬುದು ಮಾತ್ರ ಮರೆತುಹೋಗಿತ್ತು.

ಹೆಸರು ಗ್ರೀಕರಿಗಿಂತ ಹಿಂದಿನ ಯಾವುದೋ ಭಾಷೆಯದು ಎನ್ನುವ ವಿದ್ವಾಂಸರೂ ಇದ್ದಾರೆ. ಆದರೂ ಧಾನ್ಯದೇವತೆಯ ಮಗಳಿಗೆ ಕಣದ ಕೆಲಸದ ಹೆಸರು ಇಷ್ಟು ಸಹಜವಾಗಿ ಒಪ್ಪುವಾಗ ನಾನು ವಾಖ್ಟರ್ ಅವರ ವಿವರಣೆಯನ್ನೇ ನಂಬುತ್ತೇನೆ. ರೋಮನ್ನರ ‘ಪ್ರೊಸರ್ಪಿನ’ ಇದೇ ಹೆಸರಿನ ರೂಪಾಂತರ. ಅದನ್ನು ಅವರು ನೆಲದಿಂದ ಮೊಳೆತು ಮೇಲೆ ಬರುವ ಪೈರಿಗೆ ಹೊಂದಿಸಿಕೊಂಡರು. ಅರ್ಥದ ಕಾರಣಕ್ಕಾಗಿ ನೀವು ಈ ಹೆಸರನ್ನು ಕೈಬಿಡಬೇಕಾಗಿಲ್ಲ.