ಬಾಟಲಿಯೊಳಗೆ ಗಿಡ ಕೊಳೆತದ್ದೇಕೆ?

ಪ್ರಶ್ನೆ: ಐದನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಮಣ್ಣು ತುಂಬಿ, ತುಳಸಿ ಸಸಿ ನೆಟ್ಟು, ನೀರು ಹೊಯ್ದು ಮುಚ್ಚಳ ಬಿಗಿದೆವು. ಇಡೀ ದಿನ ಗಾಜಿಗೆ ಮಂಜು ಕಟ್ಟಿಯೇ ಇರುತ್ತಿತ್ತು. ವಾರದೊಳಗೆ ಗಿಡ ಕೊಳೆತು ಬೂಸ್ಟು ಬಂತು. ‘ಉಸಿರು ಕಟ್ಟಿ ಸತ್ತಿತು ಟೀಚರ್’ ಎನ್ನುತ್ತಾರೆ ಮಕ್ಕಳು. ಹೌದೇ?
– ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಮಕ್ಕಳು ಹೇಳಿದ್ದು ಅರ್ಧ ಸರಿ. ಉಸಿರು ಕಟ್ಟಿದ್ದು ಬೇರಿಗೆ. ನೀರು ನಿಂತ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಜೊತೆಗೆ ತುಳಸಿಗೆ ಬಿಸಿಲೂ ಬೇಕು, ಗಾಳಿಯಾಡಲೂ ಬೇಕು. ಬಾಟಲಿ ಅದಕ್ಕೆ ಹೇಳಿಸಿದ್ದಲ್ಲ. ಮಳೆಗಾಲದಲ್ಲಿ ಮುರಕಲ್ಲಿನ ಪಾಗಾರದ ಮೇಲೆ ಹಾವಸೆ, ಪುಟ್ಟ ಜರಿಗಿಡ ಬೇಕಾದಷ್ಟು ಸಿಗುತ್ತವೆ. ಮಕ್ಕಳೇ ಚಮಚದಲ್ಲಿ ಬೇರುಸಮೇತ ಎಬ್ಬಿಸಿ ತರಲಿ.

ಬಾಟಲಿಯ ಉಪ್ಪು ಹೋಗುವಷ್ಟು ತೊಳೆಯಿರಿ. ಅಡಿಗೆ ಎರಡು ಬೆರಳು ಜಲ್ಲಿಚೂರು, ಅದರ ಮೇಲೆ ಗೆರಟೆ ಇದ್ದಿಲಿನ ಪುಡಿ, ಆಮೇಲೆ ಅಡಿಕೆ ತೋಟದ ಮಣ್ಣು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಮಳೆಗಾಲದ ಮಣ್ಣಿಗೆ ನೀರು ಹಾಕುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಗಾಜನ್ನು ಗಮನಿಸುತ್ತಿರಿ. ರಾತ್ರಿ ಗಾಜು ತಣಿದಾಗ ಒಳಗಿನ ಆವಿ ತಾಗಿ ಹನಿಯಾಗುತ್ತದೆ. ಬೆಳಗಿನ ಮಂಜು ಮಧ್ಯಾಹ್ನದೂಟದ ಬೆಲ್ ಹೊಡೆಯುವಷ್ಟರಲ್ಲಿ ಬಹುಪಾಲು ಬಿಟ್ಟರೆ ನೀರು ಹದವಾಗಿದೆ. ಬಿಡಲೇ ಇಲ್ಲವೆಂದರೆ ಒಂದು ದಿನ ಮುಚ್ಚಳ ತೆಗೆದಿಡಿ. ಆಟಿಯ ಮಳೆಯಲ್ಲಿ ಅದೂ ಸಾಲದು, ಹೊರಗಿನ ಗಾಳಿಯೇ ಒದ್ದೆ; ಒಣಬಟ್ಟೆಯಿಂದ ಒಳಗಿನ ಗಾಜು ಒರೆಸಿಬಿಡಿ. ಜಗಲಿಯ ಬೆಳಕು ಸಾಕು, ನೇರ ಬಿಸಿಲಿಗಿಟ್ಟರೆ ಗಿಡ ಬೆಂದೇಹೋಗುತ್ತದೆ.

ಮುಚ್ಚಿದರೆ ಗಾಳಿ ಎಲ್ಲಿಂದ ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. ಗಿಡವೂ ಮಣ್ಣಿನ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಎಲೆಗೆ ಆಹಾರ ತಯಾರಿಸಲು ಬೇಕು. ಆ ಕೆಲಸದಲ್ಲಿ ಆಮ್ಲಜನಕ ಹೊರಬರುತ್ತದೆ. ಹೊರಗಿನಿಂದ ಬರಬೇಕಾದದ್ದು ಬೆಳಕು ಮಾತ್ರ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ನೋಡನೋಡುತ್ತಿದ್ದಂತೆ ಅದರೊಳಗೆ ಜರಿಗಿಡ ಮೊಳೆಯಿತು. ಮುಂದೆ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದದ್ದು ಅವರು ರೂಪಿಸಿದಂಥ ಗಾಜಿನ ಪೆಟ್ಟಿಗೆಗಳಲ್ಲಿ.

ಸಾಧ್ಯವಾದರೆ ಎರಡು ಬಾಟಲಿ ಮಾಡಿಸಿ. ಒಂದನ್ನು ಜಗಲಿಯಲ್ಲಿಡಿ, ಇನ್ನೊಂದನ್ನು ಕತ್ತಲೆಯ ಕಪಾಟಿನಲ್ಲಿ. ವಾರಕ್ಕೊಮ್ಮೆ ಎರಡನ್ನೂ ಅಕ್ಕಪಕ್ಕ ಇಟ್ಟು ಎಲೆಯ ಬಣ್ಣ, ಹನಿ, ಬೂಸ್ಟು ನೋಡಿ ಮಕ್ಕಳು ಬರೆದಿಡಲಿ. ಕಪಾಟಿನದ್ದು ಬಿಳಿಚಿಕೊಳ್ಳುವುದು ಯಾಕೆಂದು ನೀವು ಮೊದಲೇ ಹೇಳಿಬಿಡಬೇಡಿ.