ಹತ್ತು ಸಾವಿರ ಹೆಜ್ಜೆಯ ಗುರಿ ಮತ್ತು 11 ವರ್ಷದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹುಡುಗನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಅವನ ವಯಸ್ಸಿಗೆ 95ನೇ ಪರ್ಸೆಂಟೈಲ್ ದಾಟಿತ್ತು, ಅಂದರೆ ಬೆಳವಣಿಗೆ ಪಟ್ಟಿಯಲ್ಲಿ ಅದೇ ವಯಸ್ಸಿನ ನೂರು ಹುಡುಗರಲ್ಲಿ 95 ಮಂದಿಗಿಂತ ಹೆಚ್ಚು. ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಟ್ಟಿತ್ತು. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 106. ಇದು ಮಧುಮೇಹವಲ್ಲ, ಆದರೆ ಕುತ್ತಿಗೆಯ ಕಪ್ಪು, ಸಕ್ಕರೆ ಎರಡೂ ಇನ್ಸುಲಿನ್‌ಗೆ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್) ದೇಹ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬ ಸೂಚನೆ.

ತಂದೆ ಅವನ ಕೈಗೆ ಹೆಜ್ಜೆ ಎಣಿಸುವ ವಾಚ್ ಕಟ್ಟಿ, ದಿನಕ್ಕೆ 10,000 ಆಗಲೇಬೇಕು, ಇಲ್ಲದಿದ್ದರೆ ಟಿವಿ ಇಲ್ಲ ಎಂದಿದ್ದರು. ಮೂರನೇ ವಾರಕ್ಕೆ ಹುಡುಗ ಕೂತಲ್ಲೇ ಕೈ ಅಲ್ಲಾಡಿಸಿ ಲೆಕ್ಕ ತುಂಬಿಸುತ್ತಿದ್ದ. "ಸುಳ್ಳು ಹೇಳೋದು ಕಲಿತುಬಿಟ್ಟಿದ್ದಾನೆ" ಎಂದು ತಾಯಿ ಅತ್ತರು. ತಪ್ಪು ಹುಡುಗನದಲ್ಲ, ಗುರಿಯದು. 10,000 ಎಂಬ ಅಂಕಿ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಹೆಸರಿನಿಂದ, ಮಕ್ಕಳ ಅಧ್ಯಯನದಿಂದಲ್ಲ.

ಹೊಸದಾಗಿ ಶುರು ಮಾಡಿ, ಮೊದಲ ವಾರ ಗುರಿಯೇ ಬೇಡ ಎಂದು ಹೇಳಲಾಯಿತು. ರಜಾದಿನಗಳೂ ಸೇರಿ ಏಳು ದಿನ ಸಹಜವಾಗಿ ಓಡಾಡಿದಾಗ ಸಿಕ್ಕ ಸರಾಸರಿ 4,200. ಅಲ್ಲಿಂದ ವಾರಕ್ಕೆ 500 ಮಾತ್ರ ಏರಿಸುವುದು. ಅಂಕಿ ಬರೆದಿಡುವವನು ಹುಡುಗನೇ. ತಂದೆಯೂ ಜೊತೆಗೆ ನಡೆಯಬೇಕು. ಶಿಕ್ಷೆ, ಟಿವಿ ಎರಡನ್ನೂ ಇದರಿಂದ ಬೇರ್ಪಡಿಸಬೇಕು.

ಒಟ್ಟು ಎಷ್ಟು ಹೆಜ್ಜೆ ಎಂಬುದರಷ್ಟೇ ಎಷ್ಟು ಬಿರುಸು ಎಂಬುದೂ ಮುಖ್ಯ. 15 ಸೆಕೆಂಡಿಗೆ ಸುಮಾರು 30 ಹೆಜ್ಜೆ ಬಿದ್ದು, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹತ್ತು ಹತ್ತು ನಿಮಿಷವಾಗಿ ದಿನಕ್ಕೆ ಮೂರು ಸಲ ಶುರು ಮಾಡಿ, ಒಂದಾದರೂ ಊಟವಾದ ಮೇಲಿರಲಿ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆ ಮೇಲೂ ಒಂದೆರಡು ದಿನ ಅದು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ, ಆಮೇಲೆ ಆ ಲಾಭ ಇಳಿಯುತ್ತದೆ. ಆದ್ದರಿಂದಲೇ ಭಾನುವಾರ ಒಂದೇ ಸಲ ಎರಡು ಗಂಟೆ ನಡೆದು ಉಳಿದ ದಿನ ಕೂತರೆ ಸಾಲದು. ಸತತ ಎರಡು ದಿನ ತಪ್ಪಬಾರದು. ಮುಟ್ಟಬೇಕಾದ್ದು ದಿನಕ್ಕೆ ಸರಾಸರಿ 60 ನಿಮಿಷದ ಬಿರುಸು ಚಟುವಟಿಕೆ. ಅದಕ್ಕೆ ತಿಂಗಳುಗಳು ಹಿಡಿದರೂ ಸರಿಯೇ.

ನಾಲ್ಕನೇ ವಾರ ಹುಡುಗ ನಡೆಯಲು ಒಪ್ಪಲಿಲ್ಲ. ಸೋಮಾರಿತನವೆಂದು ಮನೆಯವರು ತಿಳಿದರು. ಒಬ್ಬನನ್ನೇ ಕೂರಿಸಿ ಕೇಳಿದಾಗ ತೊಡೆ ಉಜ್ಜಿ ಗಾಯವಾಗಿದೆ ಎಂದ, ಹೇಳಲು ನಾಚಿಕೆ. ಮೊಣಕಾಲವರೆಗಿನ ಬಿಗಿ ಒಳಚಡ್ಡಿ ಹಾಕಿದ ಮೇಲೆ ಮತ್ತೆ ಹೊರಟ. ಸೊಂಟ, ತೊಡೆಸಂದು ಅಥವಾ ಮಂಡಿ ನೋವಿನಿಂದ ಕುಂಟಿದರೆ ಮಾತ್ರ ಅಂದೇ ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತೋರಿಸಿ. ಸ್ಥೂಲಕಾಯದ ಮಕ್ಕಳಲ್ಲಿ ತೊಡೆಮೂಳೆಯ ತಲೆ ಜಾರಿದರೂ ನೋವು ಮಂಡಿಯಲ್ಲೇ ಕಾಣಬಹುದು.

ಹನ್ನೆರಡು ವಾರಕ್ಕೆ ಸರಾಸರಿ 8,300. ತೂಕ ಅಷ್ಟೇ ಇತ್ತು, ತಾಯಿ ಬೇಸರಪಟ್ಟರು. ಆದರೆ ಸೊಂಟದ ಸುತ್ತಳತೆ 3 ಸೆಂ.ಮೀ. ಇಳಿದಿತ್ತು, ಸಕ್ಕರೆ 97ಕ್ಕೆ ಬಂದಿತ್ತು. ಎತ್ತರ ಬೆಳೆಯುವ ಮಗುವಿನಲ್ಲಿ ತೂಕ ನಿಂತಿರುವುದೂ ಮುನ್ನಡೆಯೇ. ವಾರವಾರ ತೂಕ ನೋಡಬೇಡಿ ಎಂದು ಮತ್ತೆ ಹೇಳಲಾಯಿತು. ಕುತ್ತಿಗೆಯ ಕಪ್ಪು ಇನ್ನೂ ಇದೆ. ಅದು ಕೊಳೆಯಲ್ಲ, ದಯವಿಟ್ಟು ಉಜ್ಜಿ ತೊಳೆಯಬೇಡಿ.